ಶರಾವತಿಯ ಮೆಣಸು ಹೋಗಿ ಸೇರಿದ ಊರು

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು: "ಬಿಸಿಲು ಕಾಯಿಸಿಕೊಳ್ಳಲು ಅಷ್ಟು ದೂರ ಹೋಗಬೇಕಿತ್ತೇ ಅಕ್ಕೋರೇ? ಹೊನ್ನಾವರದಲ್ಲಿ ಬಿಸಿಲಿಗೆ ಬರವೇ?" ಪ್ರಶ್ನೆ ಸರಿಯಾಗಿಯೇ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು ನಾನು. "ಮೆಡಿಟರೇನಿಯನ್ ವಾಯುಗುಣ: ಬೇಸಿಗೆ ಒಣ, ಚಳಿಗಾಲ ಮಳೆ" ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುತ್ತಿದ್ದೆ, ಅಷ್ಟೆ. ಅದರ ಅರ್ಥ ಮೈಗೆ ತಿಳಿದದ್ದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ. ಜೂನ್ ತಿಂಗಳ ಎರಡನೇ ವಾರ ನಾವು ಇಲ್ಲಿಂದ ಹೊರಟಾಗ ಅಂಗಳದಲ್ಲಿ ಕಾಲಿಟ್ಟರೆ ಪಾದ ಮುಳುಗುವಷ್ಟು ನೀರು. ಅಲ್ಲಿ ಇಳಿದರೆ ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಬೆವರಿಲ್ಲ, ಜಿಗುಟಿಲ್ಲ. ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವ ಮನಸ್ಸು ಮಾಡುವುದಿಲ್ಲ. ಬೇಸಿಗೆಯಲ್ಲಿ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಕಡೆಯ ಅಧಿಕ ಒತ್ತಡದ ವಲಯ ಉತ್ತರಕ್ಕೆ ಹಿಗ್ಗಿ, ಮಳೆ ತರುವ ಪಶ್ಚಿಮದ ಗಾಳಿಯನ್ನು ಆಚೆಗೆ ತಳ್ಳಿಬಿಡುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಸರಿದಾಗ ಮಳೆ ಬರುತ್ತದೆ. ನಮ್ಮ ಪಂಚಾಂಗ ತಲೆಕೆಳಗಾದ ಹಾಗೆ. ವರ್ಷಕ್ಕೆ ಸುಮಾರು 2800 ಗಂಟೆ ಬಿಸಿಲು ಬೀಳುವ ಊರು ಅದು.

ಆದರೆ ಅಲ್ಲಿಯ ಬಿಸಿಲಿನ ಸೊಗಸಿಗೆ ಬರೀ ಸೂರ್ಯನೇ ಕಾರಣನಲ್ಲ. ಊರಿನ ನೆಲಕ್ಕೆಲ್ಲ ಬಿಳಿ ಸುಣ್ಣದ ಕಲ್ಲು ಹಾಸಿದ್ದಾರೆ. ಗೋಡೆಗಳಿಗೆ ಹೊಳೆಯುವ ಹೆಂಚು. ಕೆಳಗೆ ತೇಜೊ ನದಿ ಸಮುದ್ರ ಸೇರುವ ಮುಂಚೆ ಸರೋವರದ ಹಾಗೆ ಅಗಲವಾಗಿ ಹರಡಿಕೊಂಡಿದೆ. ಆ ಭಾಗಕ್ಕೆ ಅವರು 'ಹುಲ್ಲಿನ ಸಮುದ್ರ' ಎನ್ನುತ್ತಾರೆ. ಮೇಲಿಂದ ಬಿದ್ದ ಬೆಳಕನ್ನು ನೆಲ, ಗೋಡೆ, ನೀರು ಮೂರೂ ಸೇರಿ ಮತ್ತೆ ಮುಖಕ್ಕೆ ಎರಚುತ್ತವೆ. ಮೊದಲ ದಿನ ನಮ್ಮ ಮನೆಯವರು ಕಪ್ಪು ಕನ್ನಡಕ ಕೊಂಡರು. ಈಗಲೂ ಹಾಕಿಕೊಂಡು ಮೀನುಪೇಟೆಗೆ ಹೋಗುತ್ತಾರೆ, ನೀವು ನೋಡಿರಬಹುದು.

ಮಗಳು ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದಳು. ನಾವಿಬ್ಬರೂ ಎರಡು ಸಲ ಹೋದೆವು. ಒಮ್ಮೆ ಜೂನಿನಲ್ಲಿ, ಇನ್ನೊಮ್ಮೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ನಾನು ಇತಿಹಾಸದವಳಲ್ಲ. ಆದರೆ ಹೊನ್ನಾವರದವರು ಲಿಸ್ಬನ್ನಿಗೆ ಹೋಗುವುದೂ ಬೇರೆಯವರು ಹೋಗುವುದೂ ಒಂದೇ ಅಲ್ಲ ಎಂದು ಅಲ್ಲಿ ಮೂರನೇ ದಿನವೇ ಅನಿಸಿತು. ನಾವು ಹೋಗುವುದು, ಅಜ್ಜನ ಕಾಲದಲ್ಲಿ ವ್ಯವಹಾರ ಇದ್ದ ಸಾಹುಕಾರರ ಮನೆಗೆ ಈಗ ಮೊಮ್ಮಗ ಹೋದ ಹಾಗೆ. ಮನೆ ಚೆನ್ನಾಗಿದೆ, ಉಪಚಾರವೂ ಚೆನ್ನಾಗಿದೆ. ಆದರೂ ಕಣ್ಣು ತೊಲೆ ಕಂಬಗಳ ಮೇಲೆಯೇ ಓಡಾಡುತ್ತದೆ: ಇದರಲ್ಲಿ ನಮ್ಮದೆಷ್ಟು?

ಊರಿನ ಮುಂಬಾಗಿಲು ಎಂದರೆ ನದಿಯಂಚಿನ ದೊಡ್ಡ ಚೌಕ. ಈಗಿನ ಹೆಸರು ವಾಣಿಜ್ಯ ಚೌಕ. ಆದರೆ ಊರವರ ಬಾಯಲ್ಲಿ ಇನ್ನೂ 'ತೆರೆಯ್ರೊ ದೊ ಪಾಸೊ', ಅಂದರೆ ಅರಮನೆಯ ಅಂಗಳ. ಅರಮನೆ ಹೋಗಿ ಇನ್ನೂರ ಎಪ್ಪತ್ತು ವರ್ಷವಾಯಿತು, ಹೆಸರು ಹೋಗಿಲ್ಲ. ನಮ್ಮಲ್ಲೂ ಹಾಗೆಯೇ ಅಲ್ಲವೇ, ಆಲದ ಮರ ಬಿದ್ದು ಎಷ್ಟು ಕಾಲವಾದರೂ ಬಸ್ಸು ನಿಲ್ಲುವುದು 'ಆಲದಮರ'ದಲ್ಲೇ. ಚೌಕದ ಮೂರು ಕಡೆ ಹಳದಿ ಕಟ್ಟಡಗಳು, ನಾಲ್ಕನೇ ಕಡೆ ನೀರು. ನೀರಿನೊಳಗೆ ಎರಡು ಕಲ್ಲಿನ ಕಂಬ. ಭರತದ ಹೊತ್ತಿಗೆ ಮೆಟ್ಟಿಲುಗಳೆಲ್ಲ ಮುಳುಗುತ್ತವೆ, ಇಳಿತದಲ್ಲಿ ಪಾಚಿ ಹಿಡಿದ ಕಲ್ಲು ಕಾಣುತ್ತದೆ. ಶರಾವತಿಯ ಅಳಿವೆ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ನಾನು ಅಲ್ಲಿ ಅರ್ಧ ಗಂಟೆ ಕೂತೆ.

ಆ ಚೌಕದ ಪಕ್ಕದಲ್ಲೇ, ಅರಮನೆಗೆ ಅಂಟಿಕೊಂಡು 'ಭಾರತ ಮನೆ' ಇತ್ತು. ಅವರ ಭಾಷೆಯಲ್ಲಿ ಕಾಸಾ ದ ಇಂಡಿಯಾ. ಪೂರ್ವದಿಂದ ಬಂದ ಪ್ರತಿ ಹಡಗಿನ ಸರಕು ಅಲ್ಲಿ ತೂಕವಾಗಬೇಕು, ಬರೆಸಬೇಕು, ಸುಂಕ ಕಟ್ಟಬೇಕು. ಕಾಳುಮೆಣಸಿನ ಮೇಲೆ ರಾಜನದೇ ಹಿಡಿತ. ಮಲಬಾರಿನ ಮೆಣಸು ಹೋಗುತ್ತಿತ್ತು, ನಮ್ಮ ಘಟ್ಟದ ಮೆಣಸೂ ಹೋಗುತ್ತಿತ್ತು. ಗೇರುಸೊಪ್ಪೆಯ ರಾಣಿಯನ್ನು ಅವರು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ ಎಂದು ಕರೆದದ್ದು ನಿಮಗೆಲ್ಲ ಗೊತ್ತು. ಚೆನ್ನಭೈರಾದೇವಿಯ ಹೆಸರು ಈ ಸಭೆಯಲ್ಲಿ ನಾನು ಹೊಸದಾಗಿ ಹೇಳಬೇಕಿಲ್ಲ. ಗೇರುಸೊಪ್ಪೆಯ ಆಚೆ ಘಟ್ಟದಲ್ಲಿ ಯಾರೋ ಹೆಂಗಸು ಚಾಪೆಯ ಮೇಲೆ ಒಣಗಿಸಿದ ಮೆಣಸು, ದೋಣಿಯಲ್ಲಿ ಇಳಿದು ಹೊನ್ನಾವರಕ್ಕೆ ಬಂದು, ಅಲ್ಲಿಂದ ಆಫ್ರಿಕದ ತುದಿ ಸುತ್ತಿ ಈ ಮೆಟ್ಟಿಲ ಹತ್ತಿರ ಇಳಿದಿರಬೇಕು. ಭಾರತ ಮನೆಯನ್ನು ನೋಡೋಣ ಎಂದು ಹೊರಟರೆ ನೋಡಲು ಏನೂ ಇಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ ಅದೂ ಅರಮನೆಯೂ ಹೋದವು.

ಈ ಭೂಕಂಪದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಅದು ನನ್ನ ವಿಷಯ. ಅದನ್ನು ತಿಳಿಯದೆ ಲಿಸ್ಬನ್ ನೋಡಿದರೆ ಊರಿನ ಅರ್ಧವೂ ಕಾಣುವುದಿಲ್ಲ.

ಅಂದು ಸಕಲ ಸಂತರ ಹಬ್ಬ. ಹೊತ್ತು ಒಂಬತ್ತೂ ಮುಕ್ಕಾಲರ ಹತ್ತಿರ. ಜನರೆಲ್ಲ ಇಗರ್ಜಿಗಳಲ್ಲಿ, ಪ್ರತಿ ಇಗರ್ಜಿಯಲ್ಲೂ ಸಾಲು ಸಾಲು ಮೇಣದ ಬತ್ತಿ. ನೈರುತ್ಯಕ್ಕೆ ಅಟ್ಲಾಂಟಿಕ್‌ನ ತಳ ಬಿರುಕು ಬಿಟ್ಟಿತು. ಆಗ ಅಳೆಯುವ ಯಂತ್ರ ಇರಲಿಲ್ಲ. ಈಗಿನವರ ಅಂದಾಜಿನಲ್ಲಿ 8.5ರಿಂದ 9ರಷ್ಟು ತೀವ್ರತೆ. ಕಲ್ಲಿನ ಚಾವಣಿಗಳು ಪ್ರಾರ್ಥನೆಗೆ ಬಾಗಿದವರ ಮೇಲೆ ಬಿದ್ದವು. ಉಳಿದವರು ಕಟ್ಟಡಗಳಿಲ್ಲದ ಬಯಲು ಹುಡುಕಿ ನದಿಯ ದಂಡೆಗೆ ಓಡಿದರು. ಅಲ್ಲಿ ನೀರು ಹಿಂದೆ ಸರಿದು ಬಂದರಿನ ತಳವೇ ಕಾಣುತ್ತಿತ್ತು. ನಿಂತು ನೋಡಿದರು. 2004ರ ಸುನಾಮಿಯ ನಂತರ ನಮಗೆಲ್ಲ ಗೊತ್ತು, ಸಮುದ್ರ ಹಿಂದೆ ಹೋದರೆ ನೋಡುತ್ತ ನಿಲ್ಲಬಾರದು ಎಂದು. ಅವರಿಗೆ ಗೊತ್ತಿರಲಿಲ್ಲ. ಸುಮಾರು ನಲವತ್ತು ನಿಮಿಷಕ್ಕೆ ಅಲೆ ಬಂತು. ಇತ್ತ ಮೇಣದ ಬತ್ತಿಗಳಿಂದಲೂ ಅಡುಗೆ ಒಲೆಗಳಿಂದಲೂ ಹೊತ್ತಿದ ಬೆಂಕಿ ಐದಾರು ದಿನ ಉರಿಯಿತು. ನೆಲ, ನೀರು, ಬೆಂಕಿ ಮೂರೂ ಒಂದೇ ಬೆಳಿಗ್ಗೆ ಒಂದೇ ಊರಿಗೆ ಬಂದವು. ಸತ್ತವರ ಸಂಖ್ಯೆಯ ಅಂದಾಜುಗಳು ಹತ್ತಾರು ಸಾವಿರದಲ್ಲಿವೆ.

ರಾಜ ಮೊದಲನೆಯ ಜೊಸೆ ಅಂದು ಊರ ಹೊರಗೆ ಬೆಲೆಮಿನಲ್ಲಿದ್ದ, ಬದುಕಿಕೊಂಡ. ಬದುಕಿಕೊಂಡರೂ ಕಲ್ಲಿನ ಚಾವಣಿಯ ಭಯ ಜೀವನಪೂರ್ತಿ ಬಿಡಲಿಲ್ಲ. ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡ, ಜನ ಅದಕ್ಕೆ 'ರಾಜರ ಗುಡಿಸಲು' ಎಂದರು. ಊರನ್ನು ಮತ್ತೆ ಎಬ್ಬಿಸಿದ್ದು ಅವನ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು. ಆತ ಒಳ್ಳೆಯವನೇನಲ್ಲ, ವಿರೋಧಿಗಳನ್ನು ಹಿಂಸಿಸಿ ಕೊಲ್ಲಿಸಿದವನು. ಆದರೆ ಒಂದು ಕೆಲಸಕ್ಕೆ ನನ್ನಂಥ ಮೇಷ್ಟರು ಅವನಿಗೆ ಋಣಿ. ಎಲ್ಲ ಇಗರ್ಜಿಗಳ ಪಾದ್ರಿಗಳಿಗೂ ಒಂದು ಪ್ರಶ್ನಾವಳಿ ಕಳಿಸಲಾಯಿತು. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಅಲುಗಿತು, ಯಾವ ದಿಕ್ಕಿನಿಂದ ಹೆಚ್ಚು, ಸಮುದ್ರ ಮೊದಲು ಏರಿತೋ ಇಳಿಯಿತೋ, ಬಾವಿಗಳ ನೀರಿಗೆ ಏನಾಯಿತು, ನೆಲ ಎಲ್ಲಿ ಬಿರಿಯಿತು. ದೇವರು ಯಾಕೆ ಸಿಟ್ಟಾದ ಎಂದು ಇಡೀ ಯುರೋಪು ವಾದಿಸುತ್ತಿದ್ದಾಗ ಇಲ್ಲಿ ಬಾವಿಯ ನೀರಿನ ಲೆಕ್ಕ ಕೇಳುತ್ತಿದ್ದರು. ಆ ಉತ್ತರಗಳು ಇನ್ನೂ ಉಳಿದಿವೆ. ಈಗಿನ ಭೂಕಂಪ ವಿಜ್ಞಾನಿಗಳು ಅವನ್ನೇ ಓದಿ ಲೆಕ್ಕ ಹಾಕುತ್ತಾರೆ.

ಕೆಳಗಿನ ಪೇಟೆಯನ್ನು 'ಬೈಶಾ' ಎನ್ನುತ್ತಾರೆ. ಅದನ್ನು ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಮತ್ತೆ ಕಟ್ಟಿದರು. ಒಂದು ಚಿನ್ನದ ಬೀದಿ, ಒಂದು ಬೆಳ್ಳಿ ಬೀದಿ, ಚಪ್ಪಲಿ ಹೊಲಿಯುವವರದೊಂದು, ಬಟ್ಟೆ ವ್ಯಾಪಾರಿಗಳದೊಂದು. ಹೊರಗಿಂದ ನೋಡಿದರೆ ಮನೆಗಳು ಸಪ್ಪೆ, ಎಲ್ಲಕ್ಕೂ ಒಂದೇ ಅಳತೆಯ ಕಿಟಕಿ. ಸೊಗಸು ಇರುವುದು ಗೋಡೆಯ ಒಳಗೆ. ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಜೋಡಿಸಿ ಪಂಜರ ಮಾಡಿ, ಸಂದಿಗೆ ಕಲ್ಲು ಗಾರೆ ತುಂಬಿದ್ದಾರೆ. ಹೆಸರೂ ಅದೇ, 'ಗಾಯೋಲ', ಪಂಜರ. ನೆಲ ಅಲುಗಿದರೆ ಗಾರೆ ಉದುರಬಹುದು, ಪಂಜರ ಬಾಗಿ ನಿಲ್ಲುತ್ತದೆ. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ಅಲುಗಿಸಿ ನೋಡಿದರು ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹೋಗದಂತೆ ನಡುಗೋಡೆಯನ್ನು ಚಾವಣಿಗಿಂತ ಮೇಲಕ್ಕೆ ಎಬ್ಬಿಸಿದ್ದಾರೆ. ನೆಲ ಹಸಿ ಕೆಸರು, ಆದ್ದರಿಂದ ಅಡಿಪಾಯಕ್ಕೆ ಪೈನ್ ಮರದ ಗೂಟ.

ಈ ಬೀದಿಗಳ ಕೆಳಗೆ ಇನ್ನೂ ಒಂದು ಊರಿದೆ. ಒಂದು ಬ್ಯಾಂಕಿನ ಕಟ್ಟಡದ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅಲ್ಲಿ ಆ ಮರದ ಗೂಟಗಳೂ ಇವೆ, ಅದಕ್ಕೂ ಹಿಂದಿನ ರೋಮನ್ನರ ಕಾಲದ ಕಲ್ಲಿನ ತೊಟ್ಟಿಗಳೂ ಇವೆ. ಏನಕ್ಕೆ ಅಂದುಕೊಂಡಿರಿ? ಮೀನಿಗೆ ಉಪ್ಪು ಹಾಕಿ ಹುದುಗಿಸಲು. ನಮ್ಮ ಮನೆಯವರು ತೊಟ್ಟಿಯೊಳಗೆ ಬಗ್ಗಿ, "ವಾಸನೆ ಹೋಗಿದೆ" ಎಂದರು. ಎರಡು ಸಾವಿರ ವರ್ಷ ಹಿಂದಿನ ತೊಟ್ಟಿ.

ಎರಡನೇ ಸಲ ಹೋದಾಗ ನವೆಂಬರ್ 1ರಂದೇ ನಾನು ಕಾರ್ಮೊ ಗುಡ್ಡದ ಮೇಲಿನ ಮಠಕ್ಕೆ ಹೋದೆ, ಬೇಕೆಂದೇ. ಆ ಇಗರ್ಜಿಯ ಚಾವಣಿ ಅಂದು ಬಿದ್ದದ್ದು, ಮತ್ತೆ ಹಾಕಿಲ್ಲ. ಕಲ್ಲಿನ ಕಮಾನುಗಳು ಮಾತ್ರ ಆಕಾಶಕ್ಕೆ ಅಡ್ಡ ನಿಂತಿವೆ, ದೊಡ್ಡ ಮೀನಿನ ಮುಳ್ಳಿನ ಹಾಗೆ. ಕೆಳಗೆ ಹುಲ್ಲು. ಹಂಪಿಯಲ್ಲಿ ನಿಂತಾಗ ಆಗುತ್ತದಲ್ಲ, ಆ ಮೌನ. ಬಾಗಿಲ ಹೊರಗಿನ ಪುಟ್ಟ ಚೌಕದಲ್ಲಿ ಇನ್ನೊಂದು ಕಥೆ. 1974ರ ಏಪ್ರಿಲ್ 25ರಂದು ಸೈನ್ಯದ ಕಿರಿಯ ಅಧಿಕಾರಿಗಳು ದಂಗೆಯೆದ್ದಾಗ ಸರ್ವಾಧಿಕಾರದ ಕೊನೆಯ ಪ್ರಧಾನಿ ಕಾಯೆತಾನೊ ಅಡಗಿ ಕೂತದ್ದೂ ಶರಣಾದದ್ದೂ ಪಕ್ಕದ ಪೊಲೀಸ್ ದಳದ ಕಚೇರಿಯಲ್ಲೇ. ಜನ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಷನ್ ಹೂವು ಸಿಕ್ಕಿಸಿದರು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿಕೊಂಡದ್ದು ಆ ವರ್ಷದ ಕೊನೆಗೆ. ನಮ್ಮ ಸೈನ್ಯ ಗೋವಾಕ್ಕೆ ಹೋಗಿ ಹದಿಮೂರು ವರ್ಷವಾದ ಮೇಲೆ.

ನಡೆಯುವ ಮಾತಿಗೆ ಬರುತ್ತೇನೆ, ಹೋಗುವ ಯೋಚನೆಯಲ್ಲಿರುವವರು ಇಲ್ಲಿ ಮೂರು ನಾಲ್ಕು ಜನ ಇದ್ದೀರಿ ಎಂದು ಗೊತ್ತು. ಊರು ಪೂರ್ತಿ ಏರಿಳಿತ. ಮಂಡಿ ನೋವಿರುವವರು ಬೆಳಿಗ್ಗೆ ಬೇಗ ಹೊರಡಿ. ದಾರಿಗೆ ಹಾಸಿದ ಬಿಳಿ ಕಪ್ಪು ಕಲ್ಲಿನ ಚಿತ್ತಾರ ಚೆಂದ, ಆದರೆ ಜನರ ಕಾಲಿಗೆ ಸವೆದು ಸವೆದು ನುಣುಪಾಗಿದೆ, ಮಳೆ ಬಿದ್ದರೆ ಪಾಚಿ ಕಟ್ಟಿದ ಅಂಗಳವೇ. 1842ರಲ್ಲಿ ಕೋಟೆಯ ಬಳಿ ಕೈದಿಗಳ ಕೈಯಲ್ಲಿ ಮೊದಲು ಹಾಸಿಸಿದ್ದಂತೆ. ಆಮೇಲೆ ರೊಸಿಯೊ ಚೌಕದಲ್ಲಿ ಅಲೆಯ ವಿನ್ಯಾಸ ಬಂತು. ಅದರ ಮೇಲೆ ನಡೆದರೆ ನಿಜಕ್ಕೂ ನೆಲ ತೂಗಿದ ಹಾಗೆ ಆಗುತ್ತದೆ. ಪಡುಕರೆಯ ದೋಣಿ ಅಭ್ಯಾಸ ಇದ್ದವರಿಗೆ ತೊಂದರೆಯಿಲ್ಲ.

ಹಳೆಯ ಹಳದಿ ಟ್ರಾಮ್ 28ರಲ್ಲಿ ಎಲ್ಲರೂ ಹತ್ತುತ್ತಾರೆ. ಹತ್ತಿ, ಬೇಡ ಎನ್ನುವುದಿಲ್ಲ. 1930ರ ದಶಕದ ಮರದ ಡಬ್ಬಿ, ಕೈ ಚಾಚಿದರೆ ಎರಡೂ ಬದಿಯ ಮನೆಯ ಗೋಡೆ ಸಿಗುವಂಥ ಓಣಿಯಲ್ಲಿ ಕಿರಗುಟ್ಟುತ್ತ ಹತ್ತುತ್ತದೆ. ಆದರೆ ಹತ್ತು ಗಂಟೆಯ ಮೇಲೆ ಹತ್ತಿದರೆ ನೀವು ನೋಡುವುದು ಬೇರೆಯವರ ಬೆನ್ನು ಮಾತ್ರ. ಜೇಬುಗಳ್ಳರಿಗೂ ಅದೇ ಟ್ರಾಮ್ ಇಷ್ಟ. ನನ್ನ ಚೀಲದ ಜಿಪ್ಪು ಅರ್ಧ ತೆರೆದಿತ್ತು. ಒಳಗೆ ಕೈ ಹಾಕಿದವನಿಗೆ ಸಿಕ್ಕಿದ್ದು ಅವಲಕ್ಕಿ ಪೊಟ್ಟಣ. ಹಾಗೆಯೇ ಇನ್ನೊಂದು ಎಚ್ಚರಿಕೆ: ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ರೊಟ್ಟಿ, ಬೆಣ್ಣೆ, ಆಲಿವ್ ಕಾಯಿ ತಂದಿಡುತ್ತಾರೆ. ನಮ್ಮಲ್ಲಿ ಬಾಳೆಲೆಗೆ ಮೊದಲು ಉಪ್ಪು ಉಪ್ಪಿನಕಾಯಿ ಬಡಿಸಿದ ಹಾಗೆ ಎಂದುಕೊಂಡು ನಾವು ಎಲ್ಲ ಖಾಲಿ ಮಾಡಿದೆವು. ಬಿಲ್ಲಿನಲ್ಲಿ ಒಂದೊಂದಕ್ಕೂ ದುಡ್ಡು. ಮೋಸವಲ್ಲ, ಅಲ್ಲಿಯ ಪದ್ಧತಿ. ಬೇಡವಾದರೆ ಮುಟ್ಟದೆ ಬಿಟ್ಟರಾಯಿತು, ದುಡ್ಡು ಹಾಕುವುದಿಲ್ಲ. ಮಗಳು ಇದನ್ನು ಮೊದಲೇ ಹೇಳಬಹುದಿತ್ತು.

ಆಲ್ಫಾಮ ಎಂಬ ಗುಡ್ಡದ ಕೇರಿ ಭೂಕಂಪದಲ್ಲಿ ಅಷ್ಟಾಗಿ ಬೀಳಲಿಲ್ಲ. ಹೆಸರು ಅರಬ್ಬಿಯದು, ಬಿಸಿನೀರಿನ ಬುಗ್ಗೆ ಎಂದು ಅರ್ಥ. 1147ರವರೆಗೆ ಆ ಊರು ಮುಸಲ್ಮಾನರ ಆಳ್ವಿಕೆಯಲ್ಲಿತ್ತು, ಓಣಿಗಳ ಸುತ್ತು ಆ ಕಾಲದ್ದೇ. ನಕ್ಷೆ ನಂಬಿ ನಡೆದರೆ ದಾರಿ ತಪ್ಪುತ್ತೀರಿ. ಇಳಿಜಾರು ನಂಬಿ ಕೆಳಗೆ ನಡೆದರೆ ಎಲ್ಲಿ ಹೋದರೂ ನದಿ ಸಿಗುತ್ತದೆ. ಜೂನ್ 12ರ ರಾತ್ರಿ ಅಲ್ಲಿ ಸಂತ ಆಂತೋನಿಯ ಹಬ್ಬ. ಪಾದುವಾದ ಆಂತೋನಿ ಎಂದು ಲೋಕ ಕರೆಯುವ ಆ ಸಂತ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ಅಲ್ಲಿಯವರು ಪಾದುವಾದ ಹೆಸರೇ ಎತ್ತುವುದಿಲ್ಲ. ಮನೆ ಮುಂದೆ ಕೆಂಡದ ಒಲೆ, ಕೆಂಡದ ಮೇಲೆ ಸಾಲಾಗಿ ತಾರ್ಲೆ ಮೀನು. ಹೌದು, ತಾರ್ಲೆಯೇ, ಮಂಗಳೂರಿನವರ ಬೂತಾಯಿ. ಅಲ್ಲಿಯದು ಬೇರೆ ಜಾತಿ, ಸ್ವಲ್ಪ ದಪ್ಪ, ಆದರೆ ಎಣ್ಣೆ ಕೆಂಡಕ್ಕೆ ಬಿದ್ದಾಗ ಏಳುವ ಹೊಗೆಯ ವಾಸನೆ ನಮ್ಮದೇ. ಮಸಾಲೆ ಇಲ್ಲ, ಹರಳುಪ್ಪು ಮಾತ್ರ. ರೊಟ್ಟಿಯ ಮೇಲಿಟ್ಟು ಕೊಡುತ್ತಾರೆ. ಅರಿಶಿನ ಇಲ್ಲ, ಖಾರ ಇಲ್ಲ, ಹುಳಿ ಇಲ್ಲ, ಆದರೂ ನಾನು ಆರು ತಿಂದೆ.

ಅದೇ ಹಬ್ಬದಲ್ಲಿ ಪುಟ್ಟ ಕುಂಡದಲ್ಲಿ ಸಣ್ಣೆಲೆಯ ಗಿಡವೊಂದನ್ನು ಮಾರುತ್ತಾರೆ, ಪ್ರೀತಿಸಿದವರಿಗೆ ಕೊಡಲು, ಜೊತೆಗೆ ಒಂದು ನಾಲ್ಕು ಸಾಲಿನ ಪದ್ಯದ ಚೀಟಿ. ತುಳಸಿಯ ದಾಯಾದಿ, ಕಾಮಕಸ್ತೂರಿಯ ಅಕ್ಕತಂಗಿ. ನಾನು ಬಗ್ಗಿ ಮೂಸಲು ಹೋದೆ. ಮಾರುತ್ತಿದ್ದ ಅಜ್ಜಿ ಗಾಬರಿಯಾಗಿ ತಡೆದಳು. ಮೂಗು ತಾಗಿಸಿದರೆ ಗಿಡ ಬಾಡುತ್ತದಂತೆ. ಅಂಗೈಯಿಂದ ಮೆಲ್ಲಗೆ ಸವರಿ, ಕೈಯನ್ನು ಮೂಸಬೇಕು. ನಮ್ಮಮ್ಮ ದೇವರ ಹೂವನ್ನು ಮೂಸಬೇಡ ಎಂದು ಗದರುತ್ತಿದ್ದುದು ನೆನಪಾಯಿತು. ಕಾರಣ ಬೇರೆ, ಗದರುವ ದನಿ ಒಂದೇ.

ಈಗ ಬೆಲೆಂ. ಊರ ಪಶ್ಚಿಮಕ್ಕೆ, ನದಿ ಸಮುದ್ರವಾಗುವ ಕಡೆ. ವಾಸ್ಕೊ ಡ ಗಾಮ 1497ರ ಜುಲೈ 8ರಂದು ಹೊರಟದ್ದು ಅಲ್ಲಿಂದ. ಅವನು ಮಲಬಾರಿಗೆ ಬಂದ ಕಥೆ ಶಾಲೆಯಲ್ಲಿ ಎಲ್ಲರೂ ಓದುತ್ತೇವೆ, ವಾಪಸ್ಸು ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವದಲ್ಲಿ ಹಡಗು ದಡಕ್ಕೆಳೆದು ರಿಪೇರಿ ಮಾಡಿಸಿಕೊಂಡದ್ದನ್ನು ಓದುವುದಿಲ್ಲ. 1502ರಲ್ಲಿ ಎರಡನೇ ಸಲ ಬಂದಾಗ ಹೊನ್ನಾವರ, ಭಟ್ಕಳಗಳ ಮೇಲೆ ಬಿದ್ದು, ಭಟ್ಕಳದವರಿಂದ ಅಕ್ಕಿಯನ್ನು ಕಪ್ಪವಾಗಿ ಬರೆಸಿಕೊಂಡದ್ದನ್ನೂ ಓದುವುದಿಲ್ಲ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಡಾ ಬಂದು ಹೊನ್ನಾವರದ ಹಡಗುಗಳನ್ನು ಸುಟ್ಟ. ಅವರ ದಾಖಲೆಗಳಲ್ಲಿ ನಮ್ಮೂರಿನ ಹೆಸರು 'ಒನೋರ್'.

ಜೆರೋನಿಮೊಸ್ ಮಠ ಅಲ್ಲಿದೆ. ಸುಳ್ಳು ಹೇಳುವುದಿಲ್ಲ, ಅಂಥ ಕಲ್ಲುಕೆಲಸವನ್ನು ಯುರೋಪಿನಲ್ಲಿ ಬೇರೆಲ್ಲೂ ನಾನು ನೋಡಿಲ್ಲ. ಕಂಬಗಳ ಮೇಲೆ ಹಗ್ಗದ ಗಂಟು, ಹವಳ, ಸಮುದ್ರದ ಪಾಚಿ ಎಲ್ಲ ಕಲ್ಲಿನಲ್ಲೇ. ಪೂರ್ವದ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ಹಾಕಿದ ಸುಂಕದಿಂದ 16ನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಲು ತೊಡಗಿದರು. ಬಾಗಿಲ ಹತ್ತಿರವೇ ಗಾಮನ ಗೋರಿ. ಅವನು ಸತ್ತದ್ದು ಕೊಚ್ಚಿಯಲ್ಲಿ, 1524ರಲ್ಲಿ. ಮೂಳೆಗಳು ಊರೂರು ತಿರುಗಿ ಇಲ್ಲಿಗೆ ಬಂದದ್ದು 1880ರಲ್ಲಿ. ಕಲ್ಲಿನಲ್ಲಿ ಕೈಮುಗಿದು ಮಲಗಿದ್ದಾನೆ, ಪರಮ ಸಾಧುವಿನ ಹಾಗೆ. ನನ್ನ ಪಕ್ಕದಲ್ಲಿ ಯಾರೋ ಹೂವಿಟ್ಟರು. ನನಗೆ ಸಿಟ್ಟು ಬರಲಿಲ್ಲ, ಕೈಮುಗಿಯಲೂ ಆಗಲಿಲ್ಲ. ಕಂಬದ ಕೆತ್ತನೆ ನೋಡುತ್ತ ನಿಂತೆ. ಕೆತ್ತಿದವರ ಮೇಲೆ ನಮಗೇನು ಸಿಟ್ಟು?

ಸಿಟ್ಟು ಬಂದದ್ದು ಎದುರಿನ 'ಅನ್ವೇಷಣೆಗಳ ಸ್ಮಾರಕ'ದ ಹತ್ತಿರ. 1960ರಲ್ಲಿ, ಸರ್ವಾಧಿಕಾರಿ ಸಲಜಾರನ ಕಾಲದಲ್ಲಿ ಎಬ್ಬಿಸಿದ್ದು, ಐವತ್ತು ಮೀಟರಿಗೂ ಎತ್ತರ. ಹಡಗಿನ ಮೂತಿಯ ಮೇಲೆ ನಾವಿಕರು, ರಾಜರು, ಪಾದ್ರಿಗಳು, ಕವಿಗಳು ಸಾಲುಗಟ್ಟಿದ್ದಾರೆ. ದಾರಿ ತೋರಿಸಿದ ಪೂರ್ವದೇಶದ ನಾವಿಕ ಒಬ್ಬನೂ ಇಲ್ಲ. ಮೆಣಸು ಬೆಳೆದವನು ಇಲ್ಲ. ಅಟ್ಲಾಂಟಿಕ್ ದಾಟಿಸಿ ಮಾರಿದ ಆಫ್ರಿಕದ ಗುಲಾಮ ಇಲ್ಲ. ಅಲ್ಲಿಯ ಯುವಕರೂ ಈಗ ಇದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಮಗಳು ಹೇಳಿದಳು.

ಬೆಲೆಂ ಗೋಪುರದಲ್ಲಿ ಮಾತ್ರ ನಮ್ಮ ದೇಶದ ಒಂದು ಜೀವಕ್ಕೆ ಜಾಗ ಸಿಕ್ಕಿದೆ. ಗುಜರಾತಿನ ಸುಲ್ತಾನ ಮುಜಫ್ಫರ್ ಕೊಟ್ಟ ಘೇಂಡಾಮೃಗ. ಗೋವಾದಿಂದ ಹಡಗೇರಿ ನಾಲ್ಕು ತಿಂಗಳು ಪ್ರಯಾಣ ಮಾಡಿ 1515ರ ಮೇ 20ರಂದು ಲಿಸ್ಬನ್ ತಲುಪಿತು. ರೋಮನ್ನರ ಕಾಲದ ನಂತರ ಯುರೋಪು ಕಂಡಿರದ ಪ್ರಾಣಿ. ರಾಜ ಮನುವೆಲ್ ಅದನ್ನು ಅರಮನೆಯ ಅಂಗಳದಲ್ಲಿ, ನಾನು ಕೂತಿದ್ದೆ ಎಂದೆನಲ್ಲ ಅಲ್ಲಿಯೇ, ಆನೆಯ ಎದುರು ನಿಲ್ಲಿಸಿದ. ಆನೆ ಓಡಿಹೋಯಿತು. ಮುಂದಿನ ವರ್ಷ ಪೋಪನಿಗೆ ಉಡುಗೊರೆಯಾಗಿ ಕಳಿಸುವಾಗ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿತು. ಸರಪಳಿ ಬಿಗಿದಿದ್ದರಿಂದ ಈಜಲಾಗದೆ ಸತ್ತಿತು. ಜರ್ಮನಿಯ ಡ್ಯೂರರ್ ಅದನ್ನು ಕಣ್ಣಾರೆ ನೋಡದೆಯೇ ಚಿತ್ರ ಕೊರೆದು ಲೋಕಪ್ರಸಿದ್ಧ ಮಾಡಿದ. ಗೋಪುರದ ಒಂದು ಮೂಲೆಯ ಬುಡದಲ್ಲಿ ಅದರ ತಲೆ ಕೆತ್ತಿದ್ದಾರೆ. ಗಾಳಿ ಉಪ್ಪಿಗೆ ಸವೆದು ಕೋಡು ಹೋಗಿದೆ. ಹುಡುಕಿ ನೋಡಿ.

ಬೆಲೆಮಿನ ಮೊಟ್ಟೆಯ ಕಡುಬಿನ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಬಿಡುತ್ತೇನೆ. ಬಿಸಿಯಿರುವಾಗಲೇ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ತಿನ್ನಿ, ಅಷ್ಟು ಸಾಕು.

ರೊಸಿಯೊ ಚೌಕಕ್ಕೆ ವಾಪಸ್ಸು ಬರೋಣ. ಪಕ್ಕದಲ್ಲಿ ಸಂತ ದೊಮಿಂಗೊಸ್ ಇಗರ್ಜಿ. 1506ರ ಈಸ್ಟರ್ ಹೊತ್ತಿಗೆ ಅಲ್ಲಿಂದ ಶುರುವಾದ ಗಲಭೆಯಲ್ಲಿ, ಮತ ಬದಲಿಸಿದ್ದ ಯಹೂದಿಗಳನ್ನು ಮೂರು ದಿನ ಬೀದಿಬೀದಿಯಲ್ಲಿ ಕೊಂದರು. ಸಾವಿರಕ್ಕೂ ಹೆಚ್ಚು ಜನ. ಈಗ ಹೊರಗೊಂದು ಸ್ಮಾರಕವಿದೆ. ಇಗರ್ಜಿಯೊಳಗೆ 1959ರ ಬೆಂಕಿಯಲ್ಲಿ ಸಿಡಿದ ಕಂಬಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಚೌಕದ ತಲೆಗೆ ಚೆಲುವಾದ ನಾಟಕಶಾಲೆ. ಅದು ನಿಂತಿರುವ ಜಾಗದಲ್ಲಿ ಇದ್ದದ್ದು ಮತವಿಚಾರಣೆಯ ನ್ಯಾಯಸ್ಥಾನದ ಅರಮನೆ, ಇನ್ಕ್ವಿಸಿಷನ್. 1536ರಲ್ಲಿ ಪೋರ್ಚುಗಲ್ಲಿಗೆ ಬಂದದ್ದು 1560ರಲ್ಲಿ ಗೋವಾಕ್ಕೆ ಬಂತು. ಅದರ ಹೆದರಿಕೆಗೆ ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ದಕ್ಷಿಣಕ್ಕೆ ಬಂದ ಕೊಂಕಣಿ ಮನೆತನಗಳು ಈ ಸಭೆಯಲ್ಲೇ ಇವೆ. ಕ್ರೈಸ್ತರಾದ ಮೇಲೂ ಹಳೆಯ ಪದ್ಧತಿ ಬಿಡಲಿಲ್ಲವೆಂದು ತೊಂದರೆಗೆ ಸಿಕ್ಕಿ ಬಂದ ಮನೆತನಗಳೂ ಇವೆ. ನಮ್ಮ ಕರಾವಳಿಯ ಅರ್ಧ ಚರಿತ್ರೆ ಆ ನಾಟಕಶಾಲೆಯ ಜಾಗದಲ್ಲಿ ಸಹಿಯಾಗಿದೆ. ಎದುರಿನ ಕಟ್ಟೆಯ ಮೇಲೆ ಕೂತು ಹುಡುಗ ಹುಡುಗಿಯರು ಐಸ್‌ಕ್ರೀಮ್ ತಿನ್ನುತ್ತಿದ್ದರು.

ಭಾಷೆಯ ಲೆಕ್ಕ ಇದಕ್ಕಿಂತ ಹಗುರ. ಮಗಳ ಮನೆಯ ಬೀಗ ಕೆಟ್ಟಿತು. ಕೆಲಸದವನು ಬಂದು 'ಶಾವಿ' ಎಲ್ಲಿ ಎಂದ. ನಾನು ಚಾವಿ ಕೊಟ್ಟೆ, ಅವನಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಬಾಲ್ದಿ, ಬಟಾಟೆ, ಪಾದ್ರಿ, ಇಗರ್ಜಿ ಎಲ್ಲ ಅವರದೇ. ಲೀಲಾವು ಅವರದು. ಮನೆ ಕಟ್ಟುವ ಮೇಸ್ತ್ರಿ ಅವರ 'ಮೆಸ್ತ್ರೆ'. ಹುಬ್ಬಳ್ಳಿ ಕಡೆ ತಿಂಗಳ ಕೊನೆಗೆ ಕಾಯುತ್ತಾರಲ್ಲ ಪಗಾರ, ಅದು 'ಪಗಾರ್', ದುಡ್ಡು ಕೊಡುವುದು. ಮೆಣಸಿಗೆ ಸರಿಯಾಗಿ ಪಗಾರ ಕೊಟ್ಟರೋ ಇಲ್ಲವೋ, ಪದವನ್ನಂತೂ ಕೊಟ್ಟರು! ಅವರೂ ನಮ್ಮ ಕಡೆಯಿಂದ ಒಯ್ದಿದ್ದಾರೆ. ಮಾವಿಗೆ 'ಮಾಂಗ', ಹಲಸಿಗೆ 'ಜಾಕ', ಎರಡೂ ಮಲಬಾರಿನ ಮಾತು.

ಕೊನೆಯ ವಾರ ಮಗಳು ನನ್ನನ್ನು ವಿಶ್ವವಿದ್ಯಾಲಯದ ಬಳಿಯ ಒಂದು ದೊಡ್ಡ ಕಲ್ಲಿನ ಪೆಟ್ಟಿಗೆಯಂಥ ಕಟ್ಟಡಕ್ಕೆ ಕರೆದುಕೊಂಡು ಹೋದಳು. ರಾಷ್ಟ್ರೀಯ ಪತ್ರಾಗಾರ, 'ತೊರ್ರೆ ದೊ ತೊಂಬೊ'. ತೊರ್ರೆ ಎಂದರೆ ಗೋಪುರ. ಮೊದಲು ಕೋಟೆಯ ಗೋಪುರದಲ್ಲಿತ್ತು. 1755ರಲ್ಲಿ ಗೋಪುರ ಕುಸಿಯಿತು. ಆಗ ಅದರ ಉಸ್ತುವಾರಿ ನೋಡುತ್ತಿದ್ದವನು ಮನುವೆಲ್ ದ ಮಾಯಾ, ಎಂಬತ್ತರ ಹತ್ತಿರದ ಮುದುಕ. ಕಲ್ಲುರಾಶಿಯಿಂದ ಕಾಗದಗಳನ್ನು ಹೊರತೆಗೆಸಿ ಉಳಿಸಿದ. ಮಜಾ ಏನೆಂದರೆ ಅವನೇ ರಾಜ್ಯದ ಮುಖ್ಯ ಎಂಜಿನಿಯರು. ಊರನ್ನು ಮತ್ತೆ ಹೇಗೆ ಕಟ್ಟಬಹುದೆಂದು ಮೊದಲ ಯೋಜನೆಗಳನ್ನು ಬರೆದವನೂ ಅವನೇ. ಪೊಂಬಾಲನ ಪ್ರತಿಮೆ ಊರ ನಡುವೆ ಕಂಬದ ತುದಿಯಲ್ಲಿದೆ. ನನ್ನ ಮತ ಈ ಮುದುಕನಿಗೆ.

ಅಲ್ಲಿ ಒಳಗೆ ಕೂತು ಓದುವ ಯೋಗ್ಯತೆ ನನಗಿಲ್ಲ, ಹಳೆಯ ಪೋರ್ಚುಗೀಸ್ ಬರುವುದಿಲ್ಲ. ಆದರೂ ಬಾಗಿಲಲ್ಲಿ ನಿಂತಾಗ ಒಂದು ಮಾತು ಮನಸ್ಸಿಗೆ ಬಂತು. ಕೃಷ್ಣದೇವರಾಯನ ಹಂಪಿಯ ಬಗ್ಗೆ, ಆ ಬಜಾರು, ಮಹಾನವಮಿ, ಊರು ರೋಮಿನಷ್ಟು ದೊಡ್ಡದೆಂಬ ಬೆರಗು, ಇವನ್ನೆಲ್ಲ ನಾವು ಓದಿ ಹೆಮ್ಮೆಪಡುತ್ತೇವಲ್ಲ, ಅದನ್ನು ಬರೆದವರು ದೊಮಿಂಗೊ ಪಾಯಿಸ್, ಫೆರ್ನಾವ್ ನೂನಿಜ್, ಪೋರ್ಚುಗೀಸರು. ಆ ಬರಹಗಳು ಮೊದಲು ಅಚ್ಚಾದದ್ದು ಲಿಸ್ಬನ್ನಿನಲ್ಲಿ, 1897ರಲ್ಲಿ. ಮೂರು ವರ್ಷಕ್ಕೆ ಬ್ರಿಟಿಷ್ ಇತಿಹಾಸಕಾರ ಸಿವೆಲ್ ಇಂಗ್ಲಿಷಿಗೆ ತಂದ, ಅಲ್ಲಿಂದ ನಮಗೆ ಬಂತು. ಹಡಗು ಸುಟ್ಟವರೂ ಅವರೇ, ಹಂಪಿಯ ಸಂತೆಯ ನಿಂಬೆ ಕಿತ್ತಳೆಯನ್ನೂ ಮರೆಯದೆ ಬರೆದಿಟ್ಟವರೂ ಅವರೇ. ಜಮೆ ಎಷ್ಟು, ಖರ್ಚು ಎಷ್ಟು ಎಂದು ಗೆರೆ ಎಳೆಯಲು ನನಗೆ ಆಗಲಿಲ್ಲ. ನೀವು ಹೋದರೆ ನಿಮ್ಮ ಲೆಕ್ಕ ಬೇರೆ ಬರಬಹುದು.

ಆ ದಿನ ಹೊರಗೆ ಬಂದರೆ ಮಳೆ. ಬಿಸಿಲಿನ ಊರಿಗೂ ನವೆಂಬರಿನಲ್ಲಿ ಮಳೆಗಾಲ. ನುಣುಪು ಕಲ್ಲಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಇಳಿದು, ಎದುರಿಗೆ ಸಿಕ್ಕಿದ ಸಣ್ಣ ಊಟದ ಮನೆಗೆ ನುಗ್ಗಿದೆವು. ನಮ್ಮ ಮನೆಯವರಿಗೆ ಎರಡು ದಿನದಿಂದ ಶೀತ, ಮೈ ಬೆಚ್ಚಗಿತ್ತು. ಬಡಿಸುವ ಹೆಂಗಸು ಮುಖ ನೋಡಿಯೇ, ಪಟ್ಟಿ ಕೂಡ ಕೊಡದೆ, ಒಂದು ಮಾತು ಹೇಳಿ ಒಳಗೆ ಹೋದಳು: "ಕಾಂಜ." ಬಂದದ್ದು ಆಳವಾದ ಬಟ್ಟಲಲ್ಲಿ ತೆಳ್ಳಗೆ ಬೆಂದ ಅನ್ನ, ಕೋಳಿಯ ತಿಳಿ, ಹಬೆ. ಮಲಬಾರಿನಿಂದ ಒಯ್ದ ಮಾತು, ಒಯ್ದ ಊಟ. ಜ್ವರ ಬಂದವರಿಗೆ ಅಲ್ಲಿಯೂ ಅಜ್ಜಿಯಂದಿರು ಕೊಡುವುದು ಅದನ್ನೇ, ಗಂಜಿಯನ್ನೇ.

ನಮ್ಮ ಮನೆಯವರು ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ಕೂತರು. ಆಮೇಲೆ ಬಗ್ಗಿ ನನ್ನ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದರು.